ಸೂಜಿ ಸುಳ್ಳಲ್ಲ, ಮಾತ್ರೆ ಬಿಡಿಸಿದ್ದು ತಪ್ಪು

ಕಳೆದ ಸೆಮಿಸ್ಟರ್ ಪರೀಕ್ಷೆ ಮುಗಿಸಿ ಚಿಕ್ಕಯ್ಯನಛತ್ರಕ್ಕೆ ಬಂದಾಗ ಅವ್ವ ಖುಷಿಯಲ್ಲಿದ್ದಳು. ನಾಟಿ, ಕಳೆ ಎಂದು ವರ್ಷಗಟ್ಟಲೆ ಬಗ್ಗಿ ದುಡಿದ ಸೊಂಟ ಅವಳದು. ಪಕ್ಕದೂರಿನ ಶಿಬಿರವೊಂದರಲ್ಲಿ ಎಂಟು ಸಲ ಅಕ್ಯುಪಂಕ್ಚರ್ ಮಾಡಿಸಿಕೊಂಡಿದ್ದಳು. ‘ನೋವು ಅರ್ಧಕ್ಕರ್ಧ ಇಳದದೆ ಕನಪ್ಪ. ಬಿಪಿ ಮಾತ್ರೆನೂ ಬುಡಿ, ಸೂಜಿನೇ ನೋಡ್ಕತದೆ ಅಂದ್ರು, ಬುಟ್ಬುಟ್ಟೆ’ ಎಂದಳು. ನನ್ನ ಎದೆ ಧಸಕ್ಕೆಂದಿತು. ಮರುದಿನವೇ ನಂಜನಗೂಡಿಗೆ ಕರೆದೊಯ್ದು ಬಿಪಿ ನೋಡಿಸಿದೆ. 180/110 ಇತ್ತು. ವೈದ್ಯರು ಮಾತ್ರೆಯನ್ನು ಮತ್ತೆ ಶುರು ಮಾಡಿಸಿದರು.

ಬಸ್ಸಿನಲ್ಲಿ ಬರುವಾಗ ‘ಎಲ್ಲಾ ಮೋಸ’ ಎಂದು ರೇಗಾಡಿದೆ. ಅವ್ವ ಕೇಳಿದಳು: ‘ಹಂಗಾರೆ ನನ್ ಸೊಂಟ ಹಗುರಾಗಿದ್ದೂ ಸುಳ್ಳಾ?’ ನನ್ನಲ್ಲಿ ಉತ್ತರವಿರಲಿಲ್ಲ. ರಜೆಯಲ್ಲಿ ಕೂತು ಓದಿದೆ.

ಸುಳ್ಳಲ್ಲ ಎಂದು ಗೊತ್ತಾಯಿತು. ಸೂಜಿ ಚುಚ್ಚಿದಾಗ ಚರ್ಮ ಮತ್ತು ಸ್ನಾಯುವಿನ ನರಗಳ ಸಂಕೇತ ಬೆನ್ನುಹುರಿಯ ಮೂಲಕ ಮೆದುಳಿಗೆ ಹೋಗುತ್ತದೆ. ನೋವನ್ನು ತಗ್ಗಿಸುವ ಎಂಡಾರ್ಫಿನ್‌ನಂಥ ರಾಸಾಯನಿಕಗಳನ್ನು ನಮ್ಮ ದೇಹವೇ ಬಿಡುಗಡೆ ಮಾಡುತ್ತದೆ. 1977ರಲ್ಲಿ ಅಮೆರಿಕದ ಸಂಶೋಧಕರು ಸ್ವಯಂಸೇವಕರ ಹಲ್ಲಿನ ನೋವಿನ ಮೇಲೆ ಇದನ್ನು ಪರೀಕ್ಷಿಸಿದರು. ಅಫೀಮು ಜಾತಿಯ ರಾಸಾಯನಿಕಗಳಿಗೆ ಅಡ್ಡಗಾಲು ಹಾಕುವ ನಲೋಕ್ಸೋನ್ ಕೊಟ್ಟಾಗ ಸೂಜಿಯಿಂದ ಸಿಕ್ಕ ಉಪಶಮನವೂ ಇಲ್ಲವಾಯಿತು.

ಇನ್ನು ಸ್ವಯಂಚಾಲಿತ ನರಮಂಡಲ. ಎದೆಬಡಿತ, ಜೀರ್ಣಕ್ರಿಯೆ, ರಕ್ತದೊತ್ತಡವನ್ನು ನಮ್ಮನ್ನು ಕೇಳದೆಯೇ ನಡೆಸುವ ವ್ಯವಸ್ಥೆ ಇದು. ಇದರಲ್ಲಿ ಸಿಂಪಥೆಟಿಕ್ ಆಕ್ಸಿಲರೇಟರ್ ಇದ್ದಂತೆ, ಪ್ಯಾರಾಸಿಂಪಥೆಟಿಕ್ ಬ್ರೇಕ್ ಇದ್ದಂತೆ. 2021ರಲ್ಲಿ ಹಾರ್ವರ್ಡ್‌ನ ಚಿಯೂಫು ಮಾ ಅವರ ತಂಡ ಇಲಿಗಳ ಹಿಂಗಾಲಿಗೆ ಸೂಜಿಯಿಂದ ಸಣ್ಣ ಕರೆಂಟ್ ಕೊಟ್ಟಿತು. ಸಂಕೇತ ವೇಗಸ್ ನರದ ಮೂಲಕ ಅಡ್ರಿನಲ್ ಗ್ರಂಥಿಗೆ ಮುಟ್ಟಿ ಉರಿಯೂತ ತಗ್ಗಿತು. ಆದರೆ ಅದೇ ತಂಡದ 2020ರ ಪ್ರಯೋಗದಲ್ಲಿ, ಉರಿಯೂತ ಶುರುವಾದ ಮೇಲೆ ಹೊಟ್ಟೆಯ ಭಾಗಕ್ಕೆ ಜೋರು ಕರೆಂಟ್ ಕೊಟ್ಟಾಗ ಅದು ಇನ್ನಷ್ಟು ಹೆಚ್ಚಿತ್ತು! ಪರಿಣಾಮ ಇರುವ ಯಾವುದಕ್ಕೂ ಅಡ್ಡಪರಿಣಾಮವೂ ಇರಬಹುದು.

ನನ್ನ ಕಣ್ಣು ತೆರೆಸಿದ್ದು 2007ರಲ್ಲಿ ಪ್ರಕಟವಾದ ಜರ್ಮನಿಯ ಅಧ್ಯಯನ. 1,162 ಬೆನ್ನುನೋವಿನ ರೋಗಿಗಳನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಶಾಸ್ತ್ರದಲ್ಲಿ ಹೇಳಿದ ಬಿಂದುಗಳಲ್ಲಿ ಸೂಜಿ, ಇನ್ನೊಂದಕ್ಕೆ ಬಿಂದುಗಳಲ್ಲದ ಕಡೆ ಮೇಲುಮೇಲೆ ಸೂಜಿ, ಮೂರನೆಯದಕ್ಕೆ ಔಷಧ, ವ್ಯಾಯಾಮ. ಆರು ತಿಂಗಳ ನಂತರ ಸುಧಾರಿಸಿದವರು ಕ್ರಮವಾಗಿ ಶೇ 47.6, ಶೇ 44.2 ಮತ್ತು ಶೇ 27.4. ಅಂದರೆ ಸೂಜಿಯವರಿಗೆ ಉಪಶಮನ ಹೆಚ್ಚು ಸಿಕ್ಕಿತು, ಆದರೆ ಎಲ್ಲಿ ಚುಚ್ಚಿದರು ಎಂಬುದು ಅಷ್ಟೇನೂ ವ್ಯತ್ಯಾಸ ಮಾಡಲಿಲ್ಲ. ಮುಟ್ಟುವ ಕೈ, ಅರ್ಧ ಗಂಟೆಯ ವಿಶ್ರಾಂತಿ, ವಾಸಿಯಾಗುತ್ತದೆಂಬ ನಿರೀಕ್ಷೆ ಇವೂ ಮೆದುಳಿನಲ್ಲಿ ಕೆಲಸ ಮಾಡುತ್ತವೆ.

ಬಿಪಿಯ ವಿಷಯ ಬೇರೆ. ದೀರ್ಘಕಾಲದ ಬಿಪಿಯನ್ನು ಅಕ್ಯುಪಂಕ್ಚರ್ ತಗ್ಗಿಸಿ ಹಿಡಿದಿಡುತ್ತದೆ ಎನ್ನಲು ಪುರಾವೆ ಇಲ್ಲವೆಂದು 2018ರ ಕಾಕ್ರೇನ್ ವಿಮರ್ಶೆ ಹೇಳಿದೆ. ಶಿಬಿರದವರು ಮಾಡಿದ್ದು ಇದೇ ಎಡವಟ್ಟು. ನೋವಿನಲ್ಲಿ ಗಳಿಸಿದ ನಂಬಿಕೆಯನ್ನು ಬಿಪಿಗೆ ಖರ್ಚು ಮಾಡಿದರು. ನೋವು ಇದ್ದರೆ ಗೊತ್ತಾಗುತ್ತದೆ, ಬಿಪಿ ಏರಿದ್ದು ಎಷ್ಟೋ ಸಲ ಗೊತ್ತೇ ಆಗುವುದಿಲ್ಲ.

ಕೇಂದ್ರ ಸರ್ಕಾರ 2019ರಲ್ಲಿ ಅಕ್ಯುಪಂಕ್ಚರ್‌ಗೆ ಸ್ವತಂತ್ರ ಚಿಕಿತ್ಸಾ ಪದ್ಧತಿಯ ಮಾನ್ಯತೆ ಕೊಟ್ಟಿದೆ. ಬಿಎನ್‌ವೈಎಸ್ ಪದವಿಯಲ್ಲಿ ಅದು ಪಾಠವಾಗಿದೆ. ಆ ಪದವಿ ಓದಿಸುವ ಸರ್ಕಾರಿ ಕಾಲೇಜು ಮೈಸೂರಿನಲ್ಲೇ ಇದೆ. ಹಾಗಾಗಿ ಸೂಜಿ ಹಿಡಿದವರನ್ನು ‘ನೀವು ಓದಿದ್ದೇನು?’ ಎಂದು ಕೇಳುವುದು ಅವಮಾನವಲ್ಲ, ನಮ್ಮ ಹಕ್ಕು.

ಗೆಳೆಯರೇ, ಮನೆಯಲ್ಲಿ ‘ಓದಿದವರು’ ಎಂದು ನಮ್ಮನ್ನೇ ಕೇಳುತ್ತಾರೆ. ‘ಎಲ್ಲಾ ಮೋಸ’ ಎಂದು ರೇಗುವುದೂ ಉತ್ತರವಲ್ಲ, ‘ವಿಜ್ಞಾನ ಒಪ್ಪಿದೆ’ ಎಂದು ವಾಟ್ಸ್‌ಆ್ಯಪ್‌ನಲ್ಲಿ ಫಾರ್ವರ್ಡ್ ಮಾಡುವುದೂ ಉತ್ತರವಲ್ಲ. ಯಾವ ಕಾಯಿಲೆಗೆ, ಯಾವುದಕ್ಕೆ ಹೋಲಿಸಿದರೆ ಗುಣ ಎಂದು ನೋಡಬೇಕು. ಟಿಪ್ಪು ನಮ್ಮ ನಂಜುಂಡನನ್ನು ‘ಹಕೀಮ್ ನಂಜುಂಡ’ ಎಂದು ಕರೆದನೆಂಬ ಐತಿಹ್ಯವಿದೆ. ಆ ವೈದ್ಯ ದೇವರಿಗೆ ಹರಕೆ ಹೊತ್ತವರೂ ಮಾತ್ರೆ ಬಿಡುವುದಿಲ್ಲ. ಸೂಜಿಗೇಕೆ ಬಿಡಬೇಕು?

ಅವ್ವ ಈಗಲೂ ಸೊಂಟಕ್ಕೆ ಸೂಜಿ ಹಾಕಿಸಿಕೊಳ್ಳುತ್ತಾಳೆ, ಬೇರೆ ಕಡೆ. ನಾನು ಬೇಡವೆನ್ನುವುದಿಲ್ಲ. ಹಾಸ್ಟೆಲಿನಿಂದ ದಿನಾ ಬೆಳಿಗ್ಗೆ ಫೋನು ಮಾಡಿ ಒಂದೇ ಮಾತು ಕೇಳುತ್ತೇನೆ: ‘ಮಾತ್ರೆ ತಕಂಡ್ಯಾ ಅವ್ವಾ?’