ಬಾನೆಟ್ಟಿನ ಕೆಳಗಿನ ಅರಳೆ

ಆದೋನಿಯ ಹತ್ತಿ ಮಾರುಕಟ್ಟೆ ತುಂಬುವ ತಿಂಗಳುಗಳಲ್ಲಿ ಯಾವ ಕಾರಿನ ಬಾನೆಟ್ ಎತ್ತಿದರೂ ರೇಡಿಯೇಟರಿನ ಸಂದಿಗಳಲ್ಲಿ ಬಿಳಿ ಅರಳೆ ಕೂತಿರುತ್ತದೆ. ಅದರ ಮೇಲೆ ಎರೆಹೊಲದ ಧೂಳು ಅಂಟಿ ಕಂಬಳಿ ಹೊದಿಸಿದಂತೆ ಗಟ್ಟಿಯಾಗುತ್ತದೆ. ಏಪ್ರಿಲ್ ಬಿಸಿಲಿಗೆ ಟೆಂಪರೇಚರ್ ಮುಳ್ಳು ಏರಿತೋ, ಮಾಲೀಕರು ಕಂಪನಿಯನ್ನು ಬೈಯುತ್ತಾರೆ. ಮಿಸ್ತ್ರಿ ಮಾತಾಡದೆ ಏರ್ ಪೈಪ್ ಹಿಡಿದು ಒಳಗಿನಿಂದ ಊದುತ್ತಾನೆ. ಈ ನಲವತ್ತು ವರ್ಷಗಳಲ್ಲಿ ನಮ್ಮ ರಸ್ತೆಗೆ ಬಂದುಹೋದ ಕಾರುಗಳ ಲೆಕ್ಕ ಹಾಕುವಾಗ ಆ ಮಿಸ್ತ್ರಿಯ ಜಾಗದಲ್ಲಿ ನಿಂತು ನೋಡುವುದೇ ಮೇಲು.

ಅಂಬಾಸಿಡರ್‌ನಿಂದಲೇ ಶುರುಮಾಡೋಣ. 1958ರಿಂದ 2014ರವರೆಗೆ ತಯಾರಾದರೂ ಅದರ ಮೈಕಟ್ಟು ಹೆಚ್ಚೇನೂ ಬದಲಾಗಲಿಲ್ಲ. ಸ್ಟೀರಿಂಗಿಗೆ ತೋಳು ಬೇಕು, ಬ್ರೇಕಿಗೆ ದೇವರು ಬೇಕು ಎಂದು ಕಾರಿನ ಹುಚ್ಚಿನ ಹುಡುಗರು ನಗುತ್ತಾರೆ. ಸುಳ್ಳೇನಲ್ಲ. ಆದರೂ ಮನೆಮಂದಿಯನ್ನೆಲ್ಲ ತುಂಬಿಕೊಂಡು ಮಂತ್ರಾಲಯಕ್ಕೆ ಹೋಗಿಬಂದದ್ದು ಅದೇ. ಕಮಾನುಪಟ್ಟಿ ಮುರಿದರೆ ಹಳ್ಳಿಯ ಕಮ್ಮಾರನೂ ಕೈಹಾಕುತ್ತಿದ್ದ. ಹಾಗೆಂದು ಅದು ಒಳ್ಳೆಯ ಕಾರು ಎನ್ನಲು ನಾವು ತಯಾರಿಲ್ಲ. ಬೇರೆ ಗತಿಯಿರಲಿಲ್ಲ, ಅಷ್ಟೆ. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದ ಮೇಲೆ ಜನ ಯಾವ ಕಡೆ ಹೊರಳಿದರೆಂಬುದು ಎಲ್ಲರಿಗೂ ಗೊತ್ತು.

ಎಲ್ಲಕ್ಕಿಂತ ಹೆಚ್ಚು ಚರ್ಚೆಯಾದ ತಪ್ಪು ನ್ಯಾನೋದ್ದು. ಒಂದೇ ಬೈಕಿನ ಮೇಲೆ ಹೋಗುವ ಕುಟುಂಬಗಳನ್ನು ನೋಡಿ ರತನ್ ಟಾಟಾ ಯೋಚಿಸಿದ ಕಾರು ಅದು. 2009ರಲ್ಲಿ ಮಾರಾಟಕ್ಕೆ ಬಂತು. ಎಂಜಿನ್ ಹಿಂದೆ, ಹೊರಗೆ ಪುಟ್ಟದಾದರೂ ಒಳಗೆ ಕಾಲು ಚಾಚಲು ಜಾಗ, ಜಾಣ ಕೆಲಸವೇ. ಆದರೆ 2015ರವರೆಗೆ ಹಿಂದಿನ ಡಿಕ್ಕಿಗೆ ತೆರೆಯುವ ಬಾಗಿಲೇ ಇರಲಿಲ್ಲ, ಸೀಟು ಮಡಿಚಿ ಒಳಗಿನಿಂದ ಸಾಮಾನು ತುರುಕಬೇಕಿತ್ತು. ಅದನ್ನಾದರೂ ಜನ ಸಹಿಸಿಯಾರು. ನಮ್ಮಲ್ಲಿ ಕಾರು ತರುವುದೆಂದರೆ ಚಕ್ರದಡಿ ನಿಂಬೆಹಣ್ಣಿಟ್ಟು, ಕಾಯಿ ಒಡೆದು, ಬೀದಿಯವರಿಗೆಲ್ಲ ಪೇಢೆ ಹಂಚುವ ಸಂಭ್ರಮ. ಎಲ್ಲಕ್ಕಿಂತ ಅಗ್ಗದ್ದು ಎಂದು ಡಂಗುರ ಸಾರಿದ ಗಾಡಿಗೆ ಆರತಿ ಎತ್ತುವವರು ಯಾರು? ಹಾಗೆ ಮಾರಿದ್ದು ತಪ್ಪೆಂದು ಮುಂದೆ ರತನ್ ಟಾಟಾ ಅವರೇ ಒಪ್ಪಿಕೊಂಡರು. ಅದೇ ಟಾಟಾ ಕಂಪನಿ 1998ರ ಇಂಡಿಕಾದ ಮೇಲೆ ದೂರುಗಳು ಬಂದಾಗ ತಿದ್ದಿಕೊಂಡು 2001ರಲ್ಲಿ ವಿ2 ಕೊಟ್ಟಿತ್ತು. ಆ ಗಾಡಿ ಟ್ಯಾಕ್ಸಿಯವರ ಕೈ ಹಿಡಿಯಿತು.

ಎಲ್ಲರೂ ತಪ್ಪೆಂದದ್ದು ಸರಿಯಾದದ್ದೂ ಉಂಟು. ಬಿಡದಿಯಲ್ಲಿ ತಯಾರಾಗುತ್ತಿದ್ದ ಕ್ವಾಲಿಸ್ ನೋಡಲು ಡಬ್ಬಿಯಂತಿದ್ದರೂ ಚೆನ್ನಾಗಿಯೇ ಮಾರುತ್ತಿತ್ತು. 2005ರಲ್ಲಿ ಟೊಯೊಟಾ ಅದನ್ನು ನಿಲ್ಲಿಸಿ ಇನ್ನೋವಾ ತಂದಾಗ ಟ್ಯಾಕ್ಸಿಯವರು ತಲೆಯ ಮೇಲೆ ಕೈಹೊತ್ತರು. ಇವತ್ತು ಮಂತ್ರಾಲಯದಲ್ಲಿ ಮಠದ ಸುತ್ತಮುತ್ತ ನಿಂತ ಗಾಡಿಗಳನ್ನು ಎಣಿಸಿ ನೋಡಿ.

ಫಿಯೆಟ್ ಕಥೆ ಬೇರೆ. ಅದರ 1.3 ಲೀಟರ್ ಡೀಸೆಲ್ ಎಂಜಿನ್ ಸ್ವಿಫ್ಟ್‌ನಲ್ಲಿ ಕೂತು ದೇಶವೆಲ್ಲ ಓಡಿತು. ಫಿಯೆಟ್ ಹೆಸರಿನ ಕಾರುಗಳು ಮಾತ್ರ ಶೋರೂಮಿನಲ್ಲೇ ಉಳಿದವು. "ಗಾಡಿ ಚಲೋ ಐತೆ ಅಣ್ಣ, ಸಾಮಾನು ಸಿಗಬೇಕಲ್ಲ?" ಎಂಬ ಗ್ಯಾರೇಜಿನ ಮಾತಿನ ಮುಂದೆ ಯಾವ ಜಾಹೀರಾತೂ ನಿಲ್ಲುವುದಿಲ್ಲ. 2017ರಲ್ಲಿ ಷೆವರ್ಲೆ ಮಾರಾಟ ನಿಲ್ಲಿಸಿತು, 2021ರಲ್ಲಿ ಫೋರ್ಡ್ ಇಲ್ಲಿನ ಕಾರು ತಯಾರಿಕೆಗೆ ವಿದಾಯ ಹೇಳಿತು. 1953ರಲ್ಲಿ ಆದೋನಿ, ಆಲೂರು ಬಳ್ಳಾರಿ ಜಿಲ್ಲೆಯಿಂದ ಬೇರೆಯಾಗಿ ಆಂಧ್ರಕ್ಕೆ ಸೇರಿದರೂ ಬಳ್ಳಾರಿಯ ಕೆಎ 34, ಈ ಕಡೆಯ ಎಪಿ 21 ನಂಬರಿನ ಗಾಡಿಗಳು ಇಲ್ಲಿ ಒಂದೇ ಗ್ಯಾರೇಜಿನ ಮುಂದೆ ನಿಲ್ಲುತ್ತವೆ. ಹೊರಟುಹೋದ ಕಂಪನಿಗಳ ಸಿಗದ ಸಾಮಾನಿಗೆ ಎರಡೂ ಕಡೆಯವರು ಒಟ್ಟಿಗೇ ಪರದಾಡುತ್ತಾರೆ.

2020ರ ಏಪ್ರಿಲ್‌ನಿಂದ ಬಿಎಸ್6 ಹೊಗೆನಿಯಮ ಬಂದ ಮೇಲೆ ಡೀಸೆಲ್ ಗಾಡಿಗಳಿಗೆ ಹೊಸ ತಲೆನೋವು. ಮಸಿ ಹಿಡಿಯುವ ಫಿಲ್ಟರ್ ತನ್ನನ್ನು ತಾನೇ ಸುಟ್ಟು ಸ್ವಚ್ಛವಾಗಬೇಕಾದರೆ ಗಾಡಿ ಆಗಾಗ ಒಂದಿಷ್ಟು ಹೊತ್ತು ಹೆದ್ದಾರಿಯ ವೇಗದಲ್ಲಿ ಓಡಬೇಕು. ಮಾರುಕಟ್ಟೆಯಿಂದ ಅಂಗಡಿಗೆ, ಅಂಗಡಿಯಿಂದ ಮನೆಗೆ ತೆವಳುವ ವ್ಯಾಪಾರಿಯ ಗಾಡಿಗೆ ಆ ಭಾಗ್ಯವೆಲ್ಲಿ? ಮಾರುವಾಗ ಇದನ್ನು ಬಿಡಿಸಿ ಹೇಳುವವರು ಕಡಿಮೆ. ಊರೊಳಗಷ್ಟೇ ಓಡಾಡುವವರು ಪೆಟ್ರೋಲ್ ಗಾಡಿಯನ್ನೇ ನೋಡಲಿ. ಗಾಡಿ ಯಾವುದೇ ಇರಲಿ, ಹತ್ತಿ ಸುಗ್ಗಿ ಮುಗಿದ ವಾರವೇ ಬಾನೆಟ್ ಎತ್ತಿಸಿ ಅರಳೆ ಊದಿಸಿಬಿಡಿ. ಒಂದು ಚಹಾ ಕುಡಿಯುವಷ್ಟು ಹೊತ್ತಿನ ಕೆಲಸ.