ಸುಮ್ಮನೆ ಕಟ್ಟಿದ ಜಾಲಪುಟಗಳು



ತಾಜಸುಲ್ತಾನಪುರದ ತಾಯಿಯೊಬ್ಬರು ತಮ್ಮ ಮಗನ ವಿಷಯವಾಗಿ ಒಂದು ಪ್ರಶ್ನೆಯನ್ನು ನಮ್ಮ ಮುಂದಿಟ್ಟರು. ಮಗ ಇಂಜಿನಿಯರಿಂಗ್ ಓದುತ್ತಿದ್ದಾನೆ, ಪರೀಕ್ಷೆ ಸಮೀಪಿಸಿದೆ, ಆದರೂ ನಾಲ್ಕು ರಾತ್ರಿ ಕುಳಿತು ಒಂದು ಜಾಲಪುಟವನ್ನು ಕಟ್ಟಿದ್ದಾನೆ. ಅದರಲ್ಲಿರುವುದು ಒಂದೇ ಪ್ರಶ್ನೆ: ‘ಕಲಬುರಗಿಯಲ್ಲಿ ಇಂದು ಬಿಸಿಲಿದೆಯೇ?’ ಅದರ ಕೆಳಗೆ ಒಂದೇ ಉತ್ತರ: ‘ಇದೆ.’ ರಾತ್ರಿ ತೆರೆದು ನೋಡಿದರೆ ‘ನಾಳೆ ಇರುತ್ತದೆ’ ಎಂದು ಬರುತ್ತದೆ. ಅಷ್ಟೇ. “ಇದರಿಂದ ಹೊಟ್ಟಿ ತುಂಬ್ತದೇನ್ರಿ ಶಾಸ್ತ್ರಿಗಳೇ? ಕೈ ಕೆಸರಾದರ ಬಾಯಿ ಮೊಸರು ಅಂತಾರ. ಇಂವ ಕೆಸರೇನೋ ಮಾಡಿಕೊಂಡಾನ, ಮೊಸರೆಲ್ಲಿ?” ಎಂದರು ಆ ತಾಯಿ.

ಪ್ರಶ್ನೆ ಹಗುರವಾದುದಲ್ಲ. ಸಾಲ ಮಾಡಿ ಮಕ್ಕಳನ್ನು ಓದಿಸುವ ಮನೆಯಲ್ಲಿ ನಾಲ್ಕು ರಾತ್ರಿಗಳಿಗೂ ಬೆಲೆಯುಂಟು. ಕಾಯಕವನ್ನು ಕೈಲಾಸವೆಂದು ನಂಬಿ ಬೆಳೆದ ನಮ್ಮ ಕಿವಿಗೆ ಫಲವಿಲ್ಲದ ದುಡಿಮೆಯೆಂಬುದು ಅಪಸ್ವರದಂತೆ ಕೇಳಿಸುವುದು ಸಹಜವೇ ಆಗಿದೆ. ಆದರೆ ಆ ಹುಡುಗನ ಹುಚ್ಚು ಅವನೊಬ್ಬನದಲ್ಲ, ಅಂತರ್ಜಾಲದಷ್ಟೇ ಹಳೆಯದು. ನಮ್ಮ ಸೀಮೆಯಲ್ಲಂತೂ ಅದಕ್ಕಿಂತ ಬಹಳ ಹಳೆಯದು.

ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದ ಗಣಕಯಂತ್ರ ಪ್ರಯೋಗಾಲಯದಲ್ಲಿ ಹಲವರಿಗೆ ಸೇರಿ ಒಂದೇ ಕಾಫಿ ಪಾತ್ರೆಯಿತ್ತು. ದೂರದ ಕೋಣೆಗಳಿಂದ ಮೆಟ್ಟಿಲು ಹತ್ತಿಳಿದು ಬಂದವರಿಗೆ ಪಾತ್ರೆ ಖಾಲಿಯಾಗಿ ಕಾಣುತ್ತಿತ್ತು. 1991ರಲ್ಲಿ ಅಲ್ಲಿಯ ಸಂಶೋಧಕರು ಪಾತ್ರೆಯ ಎದುರಿಗೆ ಒಂದು ಕ್ಯಾಮೆರಾ ಇಟ್ಟು, ಅದರ ಚಿತ್ರ ತಮ್ಮ ತಮ್ಮ ಮೇಜಿನ ಮೇಲೆಯೇ ಕಾಣುವಂತೆ ಮಾಡಿಕೊಂಡರು. 1993ರಲ್ಲಿ ಆ ಚಿತ್ರ ಅಂತರ್ಜಾಲಕ್ಕೆ ಸೇರಿತು. ಅಲ್ಲಿಂದ ಮುಂದೆ, ಆ ಕಾಫಿಯ ಒಂದು ಹನಿಯನ್ನೂ ಕುಡಿಯಲಾರದ ದೇಶಾಂತರದ ಜನ, ಪಾತ್ರೆ ತುಂಬಿದೆಯೋ ಬರಿದಾಗಿದೆಯೋ ಎಂದು ನೋಡತೊಡಗಿದರು! 2001ರ ಆಗಸ್ಟ್ 22ರಂದು ಕ್ಯಾಮೆರಾ ನಿಂತಿತು. ಪಾತ್ರೆ ಹರಾಜಿನಲ್ಲಿ 3,350 ಪೌಂಡುಗಳಿಗೆ ಜರ್ಮನಿಯ ‘ಡೆರ್ ಸ್ಪೀಗೆಲ್’ ಪತ್ರಿಕೆಯ ಜಾಲ ವಿಭಾಗದ ಪಾಲಾಯಿತು. ಇದಕ್ಕೂ ಮಿಗಿಲಾದ ವಿನೋದ 1998ರ ಏಪ್ರಿಲ್ 1ರಂದು ನಡೆಯಿತು. ಅಂತರ್ಜಾಲದ ಮೂಲಕ ಕಾಫಿ ಪಾತ್ರೆಗಳಿಗೆ ಅಪ್ಪಣೆ ಕೊಡುವ ವಿಧಿವಿಧಾನಗಳು ಗಂಭೀರ ಶಾಸ್ತ್ರಗ್ರಂಥದ ಶೈಲಿಯಲ್ಲಿಯೇ ಪ್ರಕಟವಾದವು. ಚಹಾ ಪಾತ್ರೆಗೆ ಕಾಫಿ ಮಾಡೆಂದು ಹೇಳಿದರೆ ಅದು 418 ಎಂಬ ಸಂಖ್ಯೆಯೊಡನೆ ‘ನಾನು ಚಹಾ ಪಾತ್ರೆ’ ಎಂದು ಉತ್ತರಿಸಬೇಕಂತೆ. ವಿದ್ವಾಂಸರು ನಗುವಾಗಲೂ ವಿದ್ವಾಂಸರಂತೆಯೇ ನಗುತ್ತಾರೆ.

ಈಚಿನ ಒಂದು ಉದಾಹರಣೆಯನ್ನು ತುಸು ವಿಸ್ತಾರವಾಗಿಯೇ ಹೇಳಬೇಕು. 2024ರ ಜೂನ್ ಕೊನೆಯಲ್ಲಿ ಅಮೆರಿಕದ ನೋಲನ್ ರಾಯಲ್ಟಿ ಎಂಬ ತರುಣನು ಹತ್ತು ಲಕ್ಷ ಚಿಕ್ಕ ಚೌಕಗಳಿರುವ ಒಂದು ಜಾಲಪುಟವನ್ನು ಮಾಡಿದನು. ಅರ್ಜಿಗಳಲ್ಲಿ ‘ಹೌದು’ ಎಂದು ಗುರುತು ಹಾಕುವ ಚೌಕಗಳಿರುತ್ತವಲ್ಲ, ಅಂಥವೇ. ಒಬ್ಬರು ಒಂದು ಚೌಕಕ್ಕೆ ಗುರುತು ಹಾಕಿದರೆ ಜಗತ್ತಿನಲ್ಲಿ ಆ ಪುಟ ತೆರೆದಿದ್ದ ಎಲ್ಲರಿಗೂ ಅದು ಕಾಣುತ್ತಿತ್ತು. ಇನ್ನೊಬ್ಬನು ಬಂದು ಅದನ್ನು ಅಳಿಸಿಯೂ ಬಿಡಬಹುದಿತ್ತು. ಗೆಲುವಿಲ್ಲ, ಸೋಲಿಲ್ಲ, ಬಹುಮಾನವಿಲ್ಲ. ಕೆಲವು ನೂರು ಜನ ಬಂದಾರೆಂದು ಅವನು ಎಣಿಸಿದ್ದನು. ಎರಡು ವಾರಗಳಲ್ಲಿ ಬಂದವರು ಐದು ಲಕ್ಷ; ಬಿದ್ದ ಗುರುತುಗಳು 65 ಕೋಟಿಗೂ ಮಿಕ್ಕವು.

ವಿಶೇಷವಿರುವುದು ಮುಂದೆ. ಗಣಕಯಂತ್ರಕ್ಕೆ ಗೊತ್ತಿರುವುದು ‘ಉಂಟು’, ‘ಇಲ್ಲ’ ಎಂಬ ಎರಡೇ ಸಂಜ್ಞೆಗಳು. ಇಂಥ ಎಂಟು ಸಂಜ್ಞೆಗಳು ಕೂಡಿದರೆ ಇಂಗ್ಲಿಷಿನ ಒಂದು ಅಕ್ಷರವಾಗುತ್ತದೆ. ರಾಯಲ್ಟಿಯು ಒಂದು ದಿನ ತನ್ನ ಚೌಕಗಳ ಲೆಕ್ಕವನ್ನು ತೆಗೆದು ನೋಡಿದಾಗ, ಗುರುತುಗಳ ನಡುವೆ ಯಾರೋ ಅಕ್ಷರಗಳನ್ನು ಅಡಗಿಸಿಟ್ಟಿದ್ದುದು ಕಂಡಿತು. ತನ್ನ ಪುಟಕ್ಕೆ ಕಳ್ಳರು ನುಗ್ಗಿದರೆಂದೇ ಅವನು ಮೊದಲು ಗಾಬರಿಗೊಂಡನು. ಹುಡುಕಿಕೊಂಡು ಹೋದರೆ ಅವರು ಹದಿಹರೆಯದ ಮಕ್ಕಳು! ತಾವೇ ಬರೆದ ಪ್ರೋಗ್ರಾಂಗಳಿಂದ ಚೌಕಗಳನ್ನು ತುಂಬಿ, ಲಕ್ಷಾಂತರ ಜನ ತುಳಿದಾಡುತ್ತಿದ್ದ ಆ ಬಯಲಿನಲ್ಲಿ ಪರಸ್ಪರ ಗುಟ್ಟಿನ ಓಲೆ ಬರೆದುಕೊಳ್ಳುತ್ತಿದ್ದರು, ಚಿತ್ರಗಳನ್ನೂ ಬಿಡಿಸುತ್ತಿದ್ದರು. ಈ ವಿದ್ಯೆಯನ್ನು ಅಲ್ಲಿ ಅವರಿಗೆ ಯಾರೂ ಪಾಠ ಹೇಳಿರಲಿಲ್ಲ.

ಇನ್ನು ನಮ್ಮ ಸೀಮೆಗೆ ಬರೋಣ. ಸೇಡಂ ತಾಲ್ಲೂಕಿನ ಕಾಗಿಣಾ ದಂಡೆಯ ಮಳಖೇಡವು ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವಾಗಿದ್ದುದನ್ನು ವಾಚಕರು ಬಲ್ಲರು. ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರಲ್ಲಿ, ಅವನನ್ನು ಸ್ತುತಿಸಿ ‘ಗಣಿತಸಾರಸಂಗ್ರಹ’ವನ್ನು ಆರಂಭಿಸಿದವನು ಮಹಾವೀರಾಚಾರ್ಯ. ಅದು ವ್ಯವಹಾರದ ಗ್ರಂಥ: ಬಡ್ಡಿಯ ಲೆಕ್ಕ, ಅಗೆತದ ಲೆಕ್ಕ, ನೆರಳಿನ ಅಳತೆ ಎಲ್ಲವೂ ಅದರಲ್ಲಿವೆ. 1912ರಲ್ಲಿ ಎಂ. ರಂಗಾಚಾರ್ಯರು ಮದರಾಸಿನಿಂದ ಅದನ್ನು ಇಂಗ್ಲಿಷ್ ಅನುವಾದದೊಡನೆ ಹೊರತಂದರು. ಇಂಥ ಗ್ರಂಥದಲ್ಲಿ ಗುಣಾಕಾರದ ಪ್ರಕರಣಕ್ಕೆ ಬಂದಾಗ ಆಚಾರ್ಯನಿಗೆ ಇದ್ದಕ್ಕಿದ್ದಂತೆ ಆಟದ ಮನಸ್ಸಾಗುತ್ತದೆ. 139ನ್ನು 109ರಿಂದ ಗುಣಿಸು ಎನ್ನುತ್ತಾನೆ. ಬರುವುದು 15151, ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. 12345679ನ್ನು 9ರಿಂದ ಗುಣಿಸಿದರೆ ಒಂಬತ್ತು ಒಂದುಗಳು ಸಾಲಾಗಿ ನಿಲ್ಲುತ್ತವೆ. 27994681ನ್ನು 441ರಿಂದ ಗುಣಿಸಿದರೆ 12345654321. ಆರರ ತನಕ ಮೆಟ್ಟಿಲೇರಿ ಮತ್ತೆ ಕೆಳಗಿಳಿಯುತ್ತದೆ. ಇವುಗಳನ್ನು ಅವನು ಕೊರಳ ಹಾರಗಳಿಗೆ ಹೋಲಿಸುತ್ತಾನೆ.

ಈ ಕೊನೆಯ ಹಾರವನ್ನು ಬಿಚ್ಚಿ ನೋಡಿ. ಆರು ಒಂದುಗಳ ಸಂಖ್ಯೆಯಾದ 111111ನ್ನು ಅದರಿಂದಲೇ ಗುಣಿಸಿದರೆ ಈ ಹಾರ ಬರುತ್ತದೆ. ಹಾಗೆ ಕೇಳಿದ್ದರೆ ಶಿಷ್ಯನು ಉತ್ತರವನ್ನು ಊಹಿಸಿಬಿಡುತ್ತಿದ್ದನು. ಅದರಿಂದ 21ರ ವರ್ಗವಾದ 441ನ್ನು ಬೇರ್ಪಡಿಸಿದಾಗ ಉಳಿಯುವುದು 27994681, ಮುಖದಲ್ಲಿ ಯಾವ ಕಳೆಯೂ ಇಲ್ಲದ ಒರಟು ಸಂಖ್ಯೆ. ಅದರೊಳಗಿನಿಂದ ಹಾರ ಹೊರಬಂದಾಗ ಶಿಷ್ಯನ ಮುಖದಲ್ಲಿ ಮೂಡುವ ನಗುವೇ ಅದರ ಪ್ರಯೋಜನ. ಮಾನ್ಯಖೇಟದ ಯಾವ ಸೆಟ್ಟಿಗೂ ಈ ಲೆಕ್ಕ ಬೇಕಾಗಿರಲಾರದು. ಆದರೂ ಬಡ್ಡಿಯ ಲೆಕ್ಕದೊಡನೆ ಇದಕ್ಕೂ ಒಂದೇ ಗ್ರಂಥದಲ್ಲಿ ಸ್ಥಾನ ದೊರೆತಿದೆ.

ಇಲ್ಲಿ ಕೆಲವರು ಅಲ್ಲಮಪ್ರಭುಗಳ ಬೆಡಗಿನ ವಚನಗಳನ್ನು ನೆನೆಯಬಹುದು. ಅದು ಸಲ್ಲದು. ಬೆಡಗಿನ ಅಸಂಬದ್ಧತೆಯ ಒಳಗೆ ಅನುಭಾವದ ಅರ್ಥವಿರುತ್ತದೆ. ಬಿಸಿಲಿನ ಜಾಲಪುಟದ ಒಳಗೆ ಏನೂ ಇಲ್ಲ. ಇಲ್ಲದಿರುವುದೇ ಅದರ ಸೊಗಸು. ಮಣ್ಣೆತ್ತಿನ ಅಮಾವಾಸ್ಯೆಗೆ ಮಕ್ಕಳು ಮಾಡುವ ಎತ್ತು ಹೊಲ ಉಳುವುದಿಲ್ಲ. ಹಾಗೆಂದು ಅದರ ಕೊಂಬು ಸೊಟ್ಟಗಾದರೆ ಮಕ್ಕಳು ಸುಮ್ಮನಿರುವುದೂ ಇಲ್ಲ.

ಆ ತಾಯಿಗೆ ಏನು ಹೇಳಬೇಕು? ‘ಮುಂದೆ ಇದರಿಂದಲೇ ನೌಕರಿ ಸಿಕ್ಕೀತು’ ಎಂದು ಸಮಾಧಾನ ಹೇಳುವುದು ಸುಲಭ. ನಾವು ಹಾಗೆ ಹೇಳಲಿಲ್ಲ. ನೌಕರಿಯ ಆಸೆಯಿಂದ ಮಾಡಿದ ಆಟ ಆಟವಾಗಿ ಉಳಿಯುವುದಿಲ್ಲ. ಅವನು ಮಾಡಿದ್ದನ್ನು ಮಾತ್ರ ನೋಡಿರೆಂದೆವು. ಕಲಬುರಗಿಯಲ್ಲಿ ಸೂರ್ಯ ಮುಳುಗುವ ಹೊತ್ತು ದಿನದಿನಕ್ಕೂ ಸರಿಯುತ್ತದೆ. ಉತ್ತರ ಯಾವಾಗ ಬದಲಾಗಬೇಕೆಂಬುದನ್ನು ಅವನು ಲೆಕ್ಕ ಹಾಕಬೇಕಾಯಿತು. ಕನ್ನಡದ ಒತ್ತಕ್ಷರ ಸಣ್ಣ ಫೋನಿನಲ್ಲಿಯೂ ಒಡೆಯದೆ ಕಾಣಬೇಕಾಯಿತು. ಇದಕ್ಕೆ ಅವನು ಯಾರ ಅಪ್ಪಣೆಯನ್ನೂ ಕೇಳಬೇಕಾಗಲಿಲ್ಲ. 1993ರ ಏಪ್ರಿಲ್ 30ರಂದು ಜಿನೀವಾದ ಸೆರ್ನ್ ಸಂಸ್ಥೆ ಜಾಲದ ಮೂಲತಂತ್ರವನ್ನು ಲೋಕಕ್ಕೆ ಉಚಿತವಾಗಿ ಬಿಟ್ಟುಕೊಟ್ಟಿದೆ. ಪರರು ಮಾಡಿದ್ದನ್ನು ಬೆರಳಿನಿಂದ ಸರಿಸುತ್ತ ರಾತ್ರಿ ಕಳೆಯುವ ಹುಡುಗನನ್ನೂ, ತಾನೇ ಒಂದನ್ನು ಮಾಡಿ ಮುಗಿಸಿದ ಹುಡುಗನನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ಪರರನ್ನು ಹೆದರಿಸುವ, ಹೀಯಾಳಿಸುವ, ಮೋಸದಿಂದ ಫೋನ್ ನಂಬರು ಕೇಳುವ ಪುಟಗಳು ವಿನೋದದ ಲೆಕ್ಕಕ್ಕೆ ಸೇರವು. ಪರೀಕ್ಷೆಯ ವಾರದಲ್ಲಿ ಈ ಕೆಲಸ ಬೇಡವೆಂಬ ತಾಯಿಯ ಮಾತು ನ್ಯಾಯವಾದುದೇ. ಮಗನಿಗೂ ಅದನ್ನೇ ಹೇಳಿದ್ದೇವೆ. ರಜೆಯಲ್ಲಿ ಮಾಡಲಿ.

ಮಹಾವೀರಾಚಾರ್ಯನ ಇನ್ನೊಂದು ಹಾರ ಉಳಿದಿದೆ: 152207ನ್ನು 73ರಿಂದ ಗುಣಿಸುವುದು. ಉತ್ತರವನ್ನು ಇಲ್ಲಿ ಕೊಟ್ಟಿಲ್ಲ. ಇಂದು ರಾತ್ರಿ ಊಟವಾದ ಮೇಲೆ ಮನೆಯ ಮಕ್ಕಳ ಕೈಗೆ ಹಾಳೆ, ಪೆನ್ಸಿಲು ಕೊಡಿರಿ. ಫೋನು ಮಾತ್ರ ಬೇಡ.