ನೆಲವೇ ಡೊಂಕಾಗಿದ್ದರೆ?

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಈ ಗಾದೆ ಕಟ್ಟಿದವರು ಯಾರೋ, ಅವರು ಒಮ್ಮೆಯಾದರೂ ಬಗ್ಗಿ ಆ ನೆಲವನ್ನು ನೋಡಿದ್ದರೇ ಎಂಬ ಸಂಶಯ ನನಗೆ. ಅನ್ನ ತಳ ಹಿಡಿದರೆ ಅವಳ ಮರೆವು. ತೆಳು ತಳದ ಪಾತ್ರೆ ತಂದುಕೊಟ್ಟವರ ಹೆಸರು ಎಲ್ಲೂ ಬರುವುದಿಲ್ಲ. ನನಗೆ ಈ ಗಾದೆಯ ಮೇಲೆ ಸಿಟ್ಟು ಬರಲು ಕಾರಣ ಒಂದು ಉಕ್ಕಿನ ಕಂಬಿ.

ನಮ್ಮ ಮನೆ ಪೀಣ್ಯದ ಪಕ್ಕದಲ್ಲಿ. ಕೆಲಸದಿಂದ ನಿವೃತ್ತಳಾದ ಮೇಲೆ ನಾನು ಮರದ ಪೆನ್ನು ಮಾಡಲು ಮೇಜಿನ ಮೇಲೆ ಕೂರುವಂಥ ಒಂದು ಸಣ್ಣ ಲೇತ್ ಕೊಂಡೆ. ಕೇಳಿದವರೆಲ್ಲ ನಕ್ಕರು. ನಗುವುದೇನಿದೆ? ನಮ್ಮ ಭಾಷೆಯಲ್ಲಿ ಮೊಸರನ್ನೂ ಕಡೆಯುತ್ತೇವೆ, ಮರವನ್ನೂ ಕಡೆಯುತ್ತೇವೆ, ಮಾತು ಒಂದೇ. ಚನ್ನಪಟ್ಟಣದಲ್ಲಿ ಎಷ್ಟೋ ಹೆಂಗಸರು ಲೇತಿನ ಮುಂದೆ ಕೂತು ಹಾಲೆ ಮರ ಕಡೆದು, ತಿರುಗುವ ಮರಕ್ಕೆ ಅರಗಿನ ಬಣ್ಣ ಹತ್ತಿಸುತ್ತಾರೆ. ಅವರನ್ನು ನೋಡಿ ಯಾರೂ ನಗುವುದಿಲ್ಲ.

ನನ್ನ ಹುಚ್ಚಿಗೆ ಒಂದು ಕಾರಣವಿತ್ತು. ಊರಿನ ಮನೆ ಮಾರಿದಾಗ ಅಮ್ಮನ ಒನಕೆ ಯಾರಿಗೂ ಬೇಡವಾಗಿತ್ತು. ಹುಣಸೆ ಮರದ್ದು, ಅವಳ ಕೈ ಹಿಡಿದ ಕಡೆ ಕನ್ನಡಿಯಂತೆ ನುಣುಪಾಗಿತ್ತು. ನಾನು ತಂದಿಟ್ಟುಕೊಂಡೆ. ನಾವು ನಾಲ್ವರು ಅಕ್ಕತಂಗಿಯರು. ನುಣುಪಾದ ಆ ಭಾಗದಲ್ಲಿ ಆರು ಪೆನ್ನಿಗಾಗುವಷ್ಟು ಮರವಿತ್ತು. ನಾಲ್ವರಿಗೂ ಒಂದೊಂದು ಆಗಲಿ ಎಂದುಕೊಂಡೆ.

ಪೆನ್ನು ಮಾಡುವ ಬಗೆಯನ್ನು ಹೇಳಿಬಿಡುತ್ತೇನೆ. ಮರದ ತುಂಡಿಗೆ ಉದ್ದಕ್ಕೂ ತೂತು ಕೊರೆದು, ಅದರೊಳಗೆ ಹಿತ್ತಾಳೆಯ ಕೊಳವೆ ಅಂಟಿಸಬೇಕು. ಆ ಕೊಳವೆಯನ್ನು ತೆಳುವಾದ ಕಂಬಿಯೊಂದಕ್ಕೆ ಪೋಣಿಸಿ ಲೇತಿಗೆ ಕೂರಿಸಬೇಕು. ಈ ಕಂಬಿಯೇ ಮ್ಯಾಂಡ್ರಲ್. ಮರದ ಎರಡೂ ಕೊನೆಗೆ ಬುಷ್ ಎಂಬ ಉಕ್ಕಿನ ಬಳೆಗಳು. ಎಷ್ಟು ದಪ್ಪಕ್ಕೆ ನಿಲ್ಲಿಸಬೇಕೆಂದು ಹೇಳುವುದು ಅವೇ. ತುದಿಯಲ್ಲಿ ನಟ್ಟು ಬಿಗಿದು, ಬಲಗಡೆಯ ಟೇಲ್‌ಸ್ಟಾಕಿನ ಚೂಪು ಸೆಂಟರನ್ನು ಕಂಬಿಯ ತುದಿಗೆ ಒತ್ತಿಕೊಟ್ಟು, ಲೇತ್ ಓಡಿಸಿ ಉಳಿ ಹಿಡಿಯಬೇಕು.

ಹಿಡಿದೆ. ಮೊದಲ ಪೆನ್ನು ಸೊಟ್ಟ. ಮರ ಲೋಹಕ್ಕೆ ಸೇರುವ ಕಡೆ ಒಂದು ಮಗ್ಗುಲು ಉಬ್ಬಿ ಉಗುರಿಗೆ ತಾಗುತ್ತದೆ, ಇನ್ನೊಂದು ಮಗ್ಗುಲು ತಗ್ಗಿದೆ. ಎರಡನೆಯದೂ ಹಾಗೆಯೇ. ಕಂಬಿ ಮಾರಿದ ಅಂಗಡಿಗೆ ಹೋಗಿ ತೋರಿಸಿದರೆ, "ಮೇಡಂ, ಕೈ ಕೂರಬೇಕು, ಲೇಡೀಸಿಗೆ ಸ್ವಲ್ಪ ಟೈಮ್ ಹಿಡಿಯುತ್ತೆ" ಎಂದರು. ನಾನೂ ನಂಬಿದೆ ನೋಡಿ! ಅಷ್ಟು ವರ್ಷಗಳ ಅಭ್ಯಾಸ. ಕೈ ಕೂರಲಿ ಎಂದು ನಟ್ಟನ್ನು ಇನ್ನಷ್ಟು ಬಿಗಿದು ಮೂರನೆಯದನ್ನೂ ಕೆಡಿಸಿದೆ. ಆ ರಾತ್ರಿ ಅಮ್ಮನ ಒನಕೆಯ ಹೊಟ್ಟನ್ನು ಗುಡಿಸುತ್ತಾ ಅತ್ತೆ.

ನಮ್ಮ ಬೀದಿಯಲ್ಲಿ ನಿವೃತ್ತ ಟರ್ನರ್ ಒಬ್ಬರಿದ್ದಾರೆ. ಅವರು ಪೆನ್ನನ್ನು ನೋಡಲೇ ಇಲ್ಲ. ಕಂಬಿಯನ್ನು ಬುಡದಿಂದ ಬಿಚ್ಚಿ ಊಟದ ಮೇಜಿನ ಗಾಜಿನ ಮೇಲೆ ಉರುಳಿಸಿದರು. ನಡುವೆ ಬೆಳಕು ಒಮ್ಮೆ ಕಂಡಿತು, ಒಮ್ಮೆ ಮರೆಯಾಯಿತು. "ತಾಯಿ, ಡೊಂಕಾಗಿರೋದು ನಿಮ್ಮ ಕೈಯಲ್ಲ, ಇದು" ಎಂದರು.

ಕಂಬಿಯ ದಪ್ಪ ಏಳು ಮಿಲಿಮೀಟರಿನ ಆಸುಪಾಸು, ಪೆನ್ಸಿಲಿನಷ್ಟು. ನಟ್ಟನ್ನು ಅತಿಯಾಗಿ ಬಿಗಿದರೂ, ತುದಿಯಿಂದ ಸೆಂಟರನ್ನು ಜೋರಾಗಿ ಒತ್ತಿದರೂ ನಡುವೆ ಬಿಲ್ಲಿನಂತೆ ಬಾಗುತ್ತದೆ. ಬಾಗಿದ ಕಂಬಿಯ ಮೇಲೆ ಎಂಥ ಕೈ ಕಡೆದರೂ ಒಳಗಿನ ಕೊಳವೆಗೂ ಹೊರಗಿನ ಮರಕ್ಕೂ ನಡು ಒಂದಾಗುವುದಿಲ್ಲ.

"ಹಾಗಾದರೆ ಬಿಗಿದವರು ನೀವೇ ತಾನೆ?" ಎನ್ನುವಿರಿ. ಮೂರನೆಯದರ ಪಾಪ ನನ್ನದೇ, ಒಪ್ಪುತ್ತೇನೆ. ಆದರೆ ಬೆರಳಿನ ಬಿಗಿ ಸಾಕೆಂದು ಜತೆಗಿದ್ದ ಚೀಟಿಯಲ್ಲಿ ಇರಲಿಲ್ಲ. ದೂರು ಕೊಂಡೊಯ್ದಾಗ ಅಂಗಡಿಯವರೂ ಹೇಳಲಿಲ್ಲ. ಹೊಲಿಗೆ ಯಂತ್ರ ಹೊಲಿಗೆ ತಪ್ಪಿಸಿದರೆ ನಾವು ಮೊದಲು ಮಾಡುವುದೇನು? ಸೂಜಿ ಬಾಗಿದೆಯೇ ನೋಡುತ್ತೇವೆ. ಅಷ್ಟು ವಿವೇಕ ನಮ್ಮಲ್ಲಿ ಇದ್ದೇ ಇದೆ. ಲೇತಿನ ಮುಂದೆ ನಿಂತಾಗ ಮಾತ್ರ ಅದನ್ನು ಬಿಟ್ಟು, ತಪ್ಪನ್ನೆಲ್ಲ ನಮ್ಮ ಕೈಮೇಲೆ ಹಾಕಿಕೊಳ್ಳುತ್ತೇವೆ.

ಇದೆಲ್ಲ ನಡೆದದ್ದು ಎಲ್ಲಿ? 1953ರಲ್ಲಿ ಹುಟ್ಟಿದ ಎಚ್‌ಎಂಟಿ ಕೈಗಡಿಯಾರಕ್ಕೂ ಮೊದಲು ಲೇತ್ ಮಾಡಿದ ಜಾಲಹಳ್ಳಿಯ ಮಗ್ಗುಲಲ್ಲಿ. ಮಿಲಿಮೀಟರಿನ ಸಾವಿರದ ಒಂದು ಪಾಲನ್ನು ಮೈಕ್ರಾನ್ ಎಂದು ಅಳೆದು ಕೆಲಸ ಮಾಡುವ ಶೆಡ್ಡುಗಳ ನಡುವೆ. ಕಾರ್ಖಾನೆಗೆ ಕೊಡುವ ಕಂಬಿಯಾದರೆ ಅಳೆದು ಕೊಡುತ್ತಾರೆ. ಹವ್ಯಾಸದ ಹೆಂಗಸಿಗಾದರೆ ಉಪದೇಶ ಕೊಡುತ್ತಾರೆ.

"ಹವ್ಯಾಸಕ್ಕೆ ಇಷ್ಟು ನಾಜೂಕು ಯಾಕೆ? ಅಗ್ಗದ್ದೇ ಸಾಕು" ಎನ್ನುವವರೂ ಇದ್ದಾರೆ. ಅಗ್ಗದ ಕಂಬಿ ನನ್ನ ಅಮ್ಮನ ಒನಕೆಯಲ್ಲಿ ಅರ್ಧವನ್ನು ತಿಂದಿತು. ಆ ಲೆಕ್ಕ ಯಾವ ಬಿಲ್ಲಿನಲ್ಲಿ ಬರುತ್ತದೆ?

ಆದ್ದರಿಂದ ಗೆಳತಿಯರೇ, ಕೊಳ್ಳುವುದಾದರೆ ನೋಡಿ ಕೊಳ್ಳಿ. ಮ್ಯಾಂಡ್ರಲಿನ ಬುಡ ನಿಮ್ಮ ಲೇತಿನ ಮೋರ್ಸ್ ಟೇಪರಿಗೆ, ಒಂದನೆಯದೋ ಎರಡನೆಯದೋ, ಹೊಂದಬೇಕು. ಆ ಟೇಪರಿನಲ್ಲಿ ಚೂರು ಹೊಟ್ಟು ಸೇರಿದರೂ ಕಂಬಿ ತೊನೆಯುತ್ತದೆ, ಒರೆಸಿ ಕೂರಿಸಿ. ಅಂಗಡಿಯಲ್ಲೇ ಕಂಬಿ ಬಿಚ್ಚಿ ಗಾಜಿನ ಮೇಲೆ ಉರುಳಿಸಿ. ಅವರು ಮುಖ ಸಿಂಡರಿಸಿದರೆ ಸಿಂಡರಿಸಲಿ. ಉದ್ದ ಹೊಂದಿಸಲು ಬರುವ ಕಾಲೆಟ್ ಮ್ಯಾಂಡ್ರಲ್ ಸಿಕ್ಕರೆ ಒಂದು ಸಲಕ್ಕೆ ಒಂದೇ ತುಂಡು ಪೋಣಿಸಿ. ಕಂಬಿ ಗಿಡ್ಡವಾದಷ್ಟೂ ಬಾಗು ಕಡಿಮೆ. ಕಂಬಿಯ ತುದಿಯನ್ನು ಒಳಗೆ ಬಿಟ್ಟುಕೊಂಡು ಬುಷ್ಷನ್ನು ಮಾತ್ರ ಒತ್ತುವ ಟೊಳ್ಳು ಸೆಂಟರ್ ಸಿಗುತ್ತದೆ, ಅದು ಇನ್ನೂ ಮೇಲು.

ಎಲ್ಲಕ್ಕಿಂತ ಮೇಲು, ಕಂಬಿಯೇ ಇಲ್ಲದಿರುವುದು. ಎರಡು ಕಡೆಯೂ ಅರವತ್ತು ಡಿಗ್ರಿಯ ಸೆಂಟರ್, ಅದಕ್ಕೆ ತಕ್ಕ ಕುಳಿಯುಳ್ಳ ಬುಷ್ಷುಗಳು, ನಡುವೆ ಮರ. ಬಾಗಲು ಅಲ್ಲಿ ಏನೂ ಇಲ್ಲ. ಅಂಥ ಬುಷ್ಷುಗಳನ್ನು ನನಗೆ ಪೀಣ್ಯದ ಒಂದು ಸಣ್ಣ ಶೆಡ್ಡಿನಲ್ಲಿ ಅಳತೆ ಕೊಟ್ಟರೆ ಕಡೆದುಕೊಟ್ಟರು. ಮರಳು ಕಾಗದ ತಾಗಿ ಬುಷ್ ಸವೆಯುತ್ತದೆ, ಆಗಾಗ ವರ್ನಿಯರ್ ಹಿಡಿದು ನೋಡಿ. ಸೆರಗು ಸಿಕ್ಕಿಸಿ, ಜಡೆ ಕಟ್ಟಿ, ಬಳೆ ತೆಗೆದಿಡಿ, ಕನ್ನಡಕ ಹಾಕಿ. ತಿರುಗುವ ಲೇತಿನ ಹತ್ತಿರ ಕೈಗವಸು ಮಾತ್ರ ಬೇಡ. ಸಿಕ್ಕಿಕೊಂಡರೆ ಕೈಯನ್ನೇ ಎಳೆದುಕೊಳ್ಳುತ್ತದೆ.

ಉಳಿದ ಮೂರು ತುಂಡು ಮೂರು ನೆಟ್ಟನೆಯ ಪೆನ್ನುಗಳಾದವು. ಕಡೆದದ್ದು ಅದೇ ಕೈ. ಅಕ್ಕನಿಗೂ ತಂಗಿಯರಿಬ್ಬರಿಗೂ ಕೊಟ್ಟೆ. ನನಗೆ ಉಳಿದದ್ದು ಮೊದಲ ಸೊಟ್ಟ ಪೆನ್ನು. ಇದನ್ನು ಬರೆಯುತ್ತಿರುವುದು ಅದರಲ್ಲೇ. ಹಿಡಿದಾಗಲೆಲ್ಲ ಉಬ್ಬು ಬೆರಳಿಗೆ ತಾಗುತ್ತದೆ.

ಮುಂದೆ ಯಾರಾದರೂ ನಿಮಗೆ ಆ ಗಾದೆ ಹೇಳಿದರೆ, ಮರುಮಾತಾಡದೆ ಒಂದು ಗೋಲಿ ತಂದು ನೆಲದ ಮೇಲೆ ಬಿಡಿ. ಉರುಳಿದರೆ ನೆಲವೇ ಡೊಂಕು. ಉರುಳದಿದ್ದರೆ, ಆಗ ಬೇಕಾದರೆ ಕುಣಿತ ಕಲಿಯೋಣ.